ಕಣ್ಣು ಮುಚ್ಚಿಸಿದ ಪರೀಕ್ಷೆ

ಹಾಸ್ಟೆಲಿನ ಮಹಡಿ ಕೋಣೆ,
ಗುರುವಾರ ಸಂಜೆ

ಪ್ರೀತಿಯ ಅಪ್ಪನಿಗೆ,

ನಿಮ್ಮ ಹಿರಿಮಗಳು ಮಾಡುವ ನಮಸ್ಕಾರಗಳು. 'ಪ್ರೀತಿಯ' ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಹೊಡೆದುಹಾಕಿದರೆ ಕಾಗದ ಅಂದಗೆಡುತ್ತದೆಂದು ಹಾಗೇ ಬಿಟ್ಟಿದ್ದೇನೆ. ನಿಮ್ಮ ಮಂಡಿನೋವು ಈಗ ಹೇಗಿದೆ? ವಿಮಾನ ಹತ್ತುವಾಗ ಎಡಗಾಲಿನ ಮೇಲೆ ಭಾರ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದಾರೆಂದು ಅಮ್ಮ ಹೇಳಿದಳು; ನೀವು ಅದನ್ನು ಕಿವಿಗೆ ಹಾಕಿಕೊಂಡಿಲ್ಲವೆಂದೂ ಅವಳೇ ಹೇಳಿದಳು. ಅವಳ ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಲ್ಯಾಬಿಗೆ ಹೊಸ ಯಂತ್ರ ಬಂದಿದೆ, ರಕ್ತದ ಸೀಸೆಗಳನ್ನು ಅದೇ ಅಲ್ಲಾಡಿಸುತ್ತದೆ, ನನ್ನ ಮಣಿಕಟ್ಟಿಗೆ ಸ್ವಲ್ಪ ಆರಾಮ. ಕುಶಲದ ಮಾತು ಇಲ್ಲಿಗೆ ಸಾಕು. ಇನ್ನು ಮುಂದಿನದನ್ನು ದಯವಿಟ್ಟು ಕೂತು ಓದಿ.

ನಿನ್ನೆ ಅಮ್ಮ ಫೋನಿನಲ್ಲಿ, ಈ ಭಾನುವಾರ ನೀವು ತಂಗಿ ಪುಟ್ಟಿಯನ್ನು ವಿಮಾನದಲ್ಲಿ ಮೇಲೆ ಕರೆದುಕೊಂಡು ಹೋಗುತ್ತೀರೆಂದಳು. "ಇವಳಿಗೂ ಪೈಲಟ್ ಆಗೋ ಹುಚ್ಚು ಹತ್ತಿದೆ ಕಣೇ. ಕೈಲಾಗುತ್ತಾ ಇಲ್ವಾ ಅಂತ ಅಪ್ಪ ಒಂದ್ಸಲ ನೋಡ್ತಾರಂತೆ. ಹಿಂದಿನ ಸೀಟಲ್ಲಿ ಚಿಕ್ಕಪ್ಪಾನೂ ಹೋಗ್ತಾರೆ," ಎಂದಳು. ಅಮ್ಮನ ಪಾಲಿಗೆ ಅದೊಂದು ರಜೆಯ ಸುತ್ತಾಟ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅದೇ ನಾಲ್ಕು ಸೀಟಿನ ವಿಮಾನ, ಅದೇ ಚಿಕ್ಕಪ್ಪ, ಅದೇ ಹದಿನಾರರ ವಯಸ್ಸು. ಮೇಲೆ ನಿಜವಾಗಿ ಏನು ನಡೆಯುತ್ತದೆಂದು ಅಮ್ಮನಿಗೆ ಗೊತ್ತಿಲ್ಲ. ನನಗೆ ಗೊತ್ತು, ನಿಮಗೆ ಗೊತ್ತು.

ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ನನ್ನ ಸರದಿ ಬಂದದ್ದು ಹನ್ನೆರಡು ವರ್ಷದ ಹಿಂದೆ. ಎಡಗಡೆ ಸೀಟಿನಲ್ಲಿ ನನ್ನನ್ನು ಕೂರಿಸಿ, ಬೆಲ್ಟು ನೀವೇ ಬಿಗಿದಿರಿ. ಮೇಲೆ ಹೋದ ಮೇಲೆ "ಕಣ್ಮುಚ್ಚು ಮಗಳೇ. ಈಗ ಯಾವ ಕಡೆ ತಿರುಗ್ತಿದೀವಿ ಹೇಳು" ಎಂದಿರಿ. ನಾನು ಮೈಯೆಲ್ಲ ಕಿವಿಯಾಗಿಸಿಕೊಂಡು, "ನೆಟ್ಟಗೆ ಹೋಗ್ತಿದೀವಿ" ಎಂದೆ. ಕಣ್ಣು ಬಿಟ್ಟರೆ ಬಲಗಡೆ ರೆಕ್ಕೆ ಹೊಲಗಳ ಕಡೆ ಬಗ್ಗಿತ್ತು. ಇನ್ನೊಮ್ಮೆ ಮುಚ್ಚಿಸಿದಿರಿ. ಆ ಸಲ ವಿಮಾನ ಎಡಕ್ಕೆ ಹೊರಳಿದ್ದು ನನಗೆ ಹೊಟ್ಟೆಯೊಳಗೇ ತಿಳಿಯಿತು, ಆಣೆ ಮಾಡಿ ಹೇಳುವಷ್ಟು ಖಾತ್ರಿಯಾಗಿ ತಿಳಿಯಿತು. "ಎಡಕ್ಕೆ!" ಎಂದು ಕೂಗಿದೆ. ಕಣ್ಣು ಬಿಟ್ಟರೆ ನಾವು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿದ್ದೆವು. ಹಿಂದೆ ಕೂತ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವು ನಗಲಿಲ್ಲ. "ಇದು ಕಲಿತು ಬರೋದಲ್ಲಮ್ಮ, ಹುಟ್ತಾನೇ ಬರ್ಬೇಕು. ಆಕಾಶದಲ್ಲಿ ಎಡಬಲ ಗೊತ್ತಾಗದೋರು ನೆಲದ ಮೇಲಿರೋದೇ ಒಳ್ಳೇದು" ಎಂದು ಎಷ್ಟು ಮೃದುವಾಗಿ ಹೇಳಿದಿರಿ! ಚಿಕ್ಕಪ್ಪ ಅದನ್ನು ಬಂದ ನೆಂಟರಿಗೆಲ್ಲ ಬಡಿಸಿದರು. ನನಗೆ 'ಎಡವಟ್ಟಮ್ಮ' ಎಂದು ಹೆಸರಿಟ್ಟರು. ನೀವು ವಿಮಾನವನ್ನು ಸರಿಯಾಗಿ ಹಿಡಿದಿದ್ದಿರಾ ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ನನಗೇ ಗಾದೆ ಹೇಳಿದರು. ನಾನು ತೆಪ್ಪಗೆ ಲ್ಯಾಬಿನ ಕೋರ್ಸು ಸೇರಿದೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಭಾನುವಾರಗಳಂದು ಲ್ಯಾಬಿನಲ್ಲಿ ಹೆಚ್ಚಿನ ಪಾಳಿ ಎಂದು ಮನೆಗೆ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ನಾನು ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೆ. ಮೊದಲ ಲೈಸೆನ್ಸು ಸಿಕ್ಕಿ ವರ್ಷವಾಯಿತು. ಆಮೇಲೆ ಉಪಕರಣಗಳನ್ನೇ ನಂಬಿ ಹಾರಿಸುವ ವಿದ್ಯೆಗೆ ಸೇರಿಕೊಂಡೆ, ನೀವು ಮೂವತ್ತು ವರ್ಷದಿಂದ ಪಾಠ ಹೇಳುತ್ತಿರುವ ಅದೇ ವಿದ್ಯೆಗೆ. ಇಲ್ಲಿ ಅದನ್ನು ಕಲಿಸುವವರು ಒಬ್ಬ ಹಿರಿಯ ಹೆಂಗಸು. ನಮ್ಮ ಹಣೆಯ ಮೇಲೆ ಕಪ್ಪು ಮುಸುಕು ಕಟ್ಟಿ, ಹೊರಗಿನದೇನೂ ಕಾಣದೆ ಎದುರಿನ ಉಪಕರಣಗಳ ಮುಳ್ಳುಗಳಷ್ಟೇ ಕಾಣುವಂತೆ ಮಾಡುತ್ತಾರೆ. ಹಾಗಾಗಿ ವಿದ್ಯಾರ್ಥಿಗಳ ಬಾಯಲ್ಲಿ ಅವರು ಮುಸುಕಜ್ಜಿ. ದವಡೆಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ನಾವು ತಪ್ಪು ಮಾಡಿದಾಗ ಅದು ಕಟಕ್ಕೆಂದು ಮುರಿಯುವ ಸದ್ದು ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಬೈಗುಳ ಬೇರೆ ಬೇಕಾಗುವುದಿಲ್ಲ.

ಮೊದಮೊದಲು ನಾನು ಮುಸುಕಿನೊಳಗೆ ಎಷ್ಟು ಚೆನ್ನಾಗಿ ಹಾರಿಸಿದೆನೆಂದರೆ ನನಗೇ ಕೊಬ್ಬು ಬಂತು. ವಿಮಾನ ಒಂಚೂರು ತಿರುಗಿದರೂ ಮುಳ್ಳು ನೋಡುವ ಮೊದಲೇ ನನಗೆ ತಿಳಿಯುತ್ತಿತ್ತು. ನೋಡಿ, ಹುಟ್ಟುತ್ತಲೇ ಬಂದಿದೆ, ಅಪ್ಪನ ಮುಖಕ್ಕೆ ಹೊಡೆದ ಹಾಗೆ ಹೇಳಬಹುದು ಎಂದು ಬೀಗಿದೆ. ಮುಸುಕಜ್ಜಿ ಎರಡು ಪಾಠ ಸುಮ್ಮನಿದ್ದರು. ಮೂರನೆಯದಕ್ಕೆ ಒಂದು ಹಳೆಯ ದಿನಪತ್ರಿಕೆ ತಂದು ಪಕ್ಕದ ಕಿಟಕಿಗೆ ಅಂಟಿಸಿದರು. ಅಲ್ಲಿಗೆ ನನ್ನ ಪ್ರತಿಭೆಯೆಲ್ಲ ಖಲಾಸ್! ಏನಾಗಿತ್ತೆಂದರೆ, ಕಿಟಕಿಯಿಂದ ಬೀಳುವ ಬಿಸಿಲು ನನ್ನ ಮಂಡಿಯ ಮೇಲಿರುತ್ತಿತ್ತು. ವಿಮಾನ ತಿರುಗಿದರೆ ಬಿಸಿಲು ಮಂಡಿಯಿಂದ ತೊಡೆಗೆ ಸರಿಯುತ್ತಿತ್ತು. ನನಗೇ ಅರಿವಿಲ್ಲದೆ ನಾನು ಆ ಬಿಸಿಲನ್ನು ಓದುತ್ತಿದ್ದೆ. "ಮೋಡದೊಳಗೆ ನಿನ್ನ ಮಂಡಿಗೆ ಬಿಸಿಲು ಯಾರು ತರ್ತಾರೆ? ನಿಮ್ಮಪ್ಪಾನಾ?" ಎಂದರು. ಅವರಿಗೆ ನೀವು ಯಾರೆಂದು ಆಗ ಗೊತ್ತಿರಲಿಲ್ಲ, ಬಾಯಿಗೆ ಬಂದ ಮಾತು ಅಷ್ಟೆ. ಆದರೆ ನನಗೆ ಬಿಟ್ಟ ಬಾಣದ ಹಾಗೆ ನಾಟಿತು. ಅಂದು ಹಾಸ್ಟೆಲಿಗೆ ಬಂದು, ಅಪ್ಪ ಹೇಳಿದ್ದೇ ನಿಜ, ನನಗೆ ಒಳಗಿನಿಂದ ಏನೂ ತಿಳಿಯುವುದಿಲ್ಲ ಎಂದು ಅತ್ತೆ. ನಿಮ್ಮ ಮಾತನ್ನು ನಂಬಿ ನಾನು ಅತ್ತದ್ದು ಅದೇ ಕೊನೆ.

ಏಕೆಂದರೆ ಮಾರನೆಯ ವಾರ ಕುರ್ಚಿಯ ಪಾಠ ಇತ್ತು. ನಿಮ್ಮ ವಿಮಾನ ಶಾಲೆಯಲ್ಲೂ ಆ ತಿರುಗುವ ಕುರ್ಚಿ ಇದೆ, ತರಗತಿಯ ಮೂಲೆಯಲ್ಲಿ, ನೀವೇ ಎಣ್ಣೆ ಬಿಡುತ್ತೀರಿ, ನಾನು ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಗಿರಗಿರ ಆಡಿದ್ದೇನೆ. ವಿದ್ಯಾರ್ಥಿಯನ್ನು ಕೂರಿಸಿ, ಕಣ್ಣು ಕಟ್ಟಿ, ತಿರುಗುತ್ತಿರುವ ಕಡೆಗೆ ಹೆಬ್ಬೆರಳು ತೋರಿಸಲು ಹೇಳುತ್ತಾರೆ. ಮೊದಲು ಎಲ್ಲರೂ ಸರಿಯಾಗಿ ತೋರಿಸುತ್ತಾರೆ. ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗಿಸಿದರೆ, ನಿಂತಿದ್ದೇವೆ ಎನ್ನುತ್ತಾರೆ. ಕುರ್ಚಿ ನಿಜಕ್ಕೂ ನಿಂತಾಗ, ಉಲ್ಟಾ ತಿರುಗುತ್ತಿದೆ ಎಂದು ಆಣೆ ಮಾಡುತ್ತಾರೆ. ನಮ್ಮ ತರಗತಿಯ ಪೈಲ್ವಾನನ ಹಾಗಿದ್ದ ಹುಡುಗ, ಮೊದಲು ಬಸ್ಸು ಓಡಿಸುತ್ತಿದ್ದವನು, ನಿಂತ ಕುರ್ಚಿಯಿಂದ ಬೀಳುತ್ತೇನೆಂದು ಅದರ ತೋಳನ್ನು ತಬ್ಬಿಕೊಂಡ. ಒಬ್ಬರಾದ ಮೇಲೆ ಒಬ್ಬರು, ಎಲ್ಲರೂ ತಪ್ಪಿದರು. ಕೊನೆಗೆ ಮುಸುಕಜ್ಜಿಯೇ ಕೂತು, ತಾವೂ ತಪ್ಪಿದರು. "ಕಿವಿಯೊಳಗಿನ ನೀರು ಹೇಳೋ ಸುಳ್ಳಿದು. ಮನುಷ್ಯರಾಗಿ ಹುಟ್ಟಿದೋರ್ಯಾರಿಗೂ ಕಣ್ಮುಚ್ಚಿ ಹೇಳಕ್ಕಾಗಲ್ಲ. ಹೇಳ್ತೀನಿ ಅಂದೋನು ಮೋಡದೊಳಗೆ ಸಾಯ್ತಾನೆ. ಈ ಪಾಠ ಅರ್ಥ ಆಗದೇ ಇರೋರು ಮುಂದಿನ ಪಾಠಕ್ಕೆ ಬರಲೇಬೇಡಿ" ಎಂದರು. ಎಲ್ಲರೂ ನಗುತ್ತಿದ್ದರು. ನಾನು ಹೊರಗೆ ಹೋಗಿ ನೀರಿನ ನಲ್ಲಿಯ ಹತ್ತಿರ ನಿಂತುಕೊಂಡೆ. ಮೊದಲನೆಯ ಪಾಠ ಅಪ್ಪಾ, ಪುಸ್ತಕದ ಮೊದಲನೆಯ ಪಾಠ. ನನ್ನ ಕಣ್ಣು ಮುಚ್ಚಿಸುವ ಹೊತ್ತಿಗೇ ಎಷ್ಟು ಸಾವಿರ ಸಲ ಹೇಳಿಕೊಟ್ಟಿದ್ದಿರಿ ನೀವು ಅದನ್ನು!

ಆದರೂ ನಿಮಗೆ ಒಂದು ದಾರಿ ಬಿಟ್ಟುಕೊಟ್ಟೆ. ಆಟಕ್ಕೆ ಮಾಡಿರಬಹುದು, ಗಾಳಿಗೆ ವಿಮಾನ ತಾನೇ ವಾಲಿರಬಹುದು ಎಂದುಕೊಂಡೆ. ಅದನ್ನೂ ಮುಸುಕಜ್ಜಿ ಮುಚ್ಚಿದರು. ಒಂದು ದಿನ ನನ್ನ ಕೈಗೆ ವಿಮಾನ ಕೊಟ್ಟು, ತಾವು ಕಣ್ಣು ಮುಚ್ಚಿ, "ನನಗೆ ಗೊತ್ತಾಗದ ಹಾಗೆ ಬಲಕ್ಕೆ ವಾಲಿಸು ನೋಡೋಣ" ಎಂದರು. ಆಗಲೇ ಇಲ್ಲ. ಥಟ್ಟನೆ ವಾಲಿಸಿದರೆ ಕಿವಿ ಕಂಡುಹಿಡಿಯುತ್ತದೆ, ಪ್ರತಿಸಲವೂ ಅವರಿಗೆ ತಿಳಿಯುತ್ತಿತ್ತು. ಬೆರಳ ತುದಿಯಲ್ಲಿ, ಉಸಿರು ಹಿಡಿದು, ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ಎಳೆದುಕೊಳ್ಳುವಷ್ಟು ನಿಧಾನವಾಗಿ ವಾಲಿಸಬೇಕು. ಆಮೇಲೆ ಸಮ ಮಾಡುವಾಗ ಮಾತ್ರ ಚುರುಕಾಗಿ ಮಾಡಬೇಕು, ಆಗ ಕೂತವರಿಗೆ ಎಡಕ್ಕೆ ಬಿದ್ದ ಹಾಗಾಗುತ್ತದೆ. ಅದು ನನಗೆ ಒಲಿಯಲು ವಾರಗಳೇ ಹಿಡಿದವು. ಅಂದು ನನ್ನ ಪಕ್ಕ ಕೂತು ನೀವು ಅಷ್ಟು ಕಾಳಜಿಯಿಂದ, ಅಷ್ಟು ಕಸುಬುದಾರಿಕೆಯಿಂದ ನನ್ನನ್ನು ಸೋಲಿಸಿದಿರಿ. ನೆಲ ನಿಜಕ್ಕೂ ಡೊಂಕಾಗಿತ್ತು ಅಪ್ಪಾ. ಡೊಂಕು ಮಾಡಿದ್ದು ನೀವು.

ಅಲ್ಲಿಂದ ಮುಂದೆ ನಾನು ಕಲಿತದ್ದೆಲ್ಲ ಹಟದಿಂದ, ನಿಮ್ಮ ಮೇಲಿನ ಹಟದಿಂದ. ಮೊದಲ ಸಲ ನಿಜವಾದ ಮೋಡದೊಳಗೆ ಹೋದಾಗ ಕಿಟಕಿಗಳೆಲ್ಲ ಬೆಳ್ಳಗಾದವು, ಬೆನ್ನು ಬಲಕ್ಕೆ ಉರುಳುತ್ತಿದ್ದೇನೆ ಎಂದು ಬೊಬ್ಬೆಯಿಟ್ಟಿತು. ಮುಳ್ಳುಗಳು ಸಮ ಎಂದವು. ನಿಮ್ಮ ಮೃದುವಾದ ಧ್ವನಿ ಕಿವಿಯಲ್ಲೇ ಕೇಳಿಸಿ, ಹಲ್ಲು ಕಡಿದು, ದಿಕ್ಕು ತೋರಿಸುವ ಮುಳ್ಳೊಂದನ್ನೇ ಕೆಕ್ಕರಿಸಿ ನೋಡುತ್ತ ಕೂತೆ. ಅದೇ ತಪ್ಪು. ಕಣ್ಣು ಒಂದೇ ಕಡೆ ನೆಡಬಾರದು. ವಿಮಾನ ಸಮವಾಗಿದೆಯೇ ಎಂದು ತೋರಿಸುವ ಉಪಕರಣವನ್ನು ನೋಡಿ ಎತ್ತರಕ್ಕೆ, ಮತ್ತೆ ಸಮಕ್ಕೆ, ಅಲ್ಲಿಂದ ದಿಕ್ಕಿಗೆ, ಮತ್ತೆ ಸಮಕ್ಕೆ, ಹೀಗೆ ಸುತ್ತುತ್ತಲೇ ಇರಬೇಕು. ನಾನು ದಿಕ್ಕನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿದಿದ್ದೆ, ವಿಮಾನ ಮೂರು ನೂರು ಅಡಿ ಕೆಳಗಿಳಿದಿತ್ತು. ಪೆಪ್ಪರ್‌ಮಿಂಟು ಕಟಕ್ಕೆಂದಿತು. "ಯಾರ ಮೇಲೆ ಸಿಟ್ಟು?" ಎಂದರು. ಅಪ್ಪನ ಮೇಲೆ ಎಂದೆ. "ಈ ವಿಮಾನಕ್ಕೆ ಇರೋದು ಎರಡೇ ಸೀಟು. ಅಪ್ಪನ್ನ ಕೆಳಗಿಳಿಸಿ ಬಾ" ಎಂದರು. ಇಳಿಸಿದೆ. ಅಂದಿನಿಂದ ಹಾರುವಾಗ ಇಳಿಸುತ್ತೇನೆ, ನೆಲಕ್ಕೆ ಬಂದ ಮೇಲೆ ಮರೆಯದೆ ಮತ್ತೆ ಹತ್ತಿಸಿಕೊಳ್ಳುತ್ತೇನೆ.

ಸೋಮವಾರ ನನ್ನ ಪರೀಕ್ಷೆ ಆಯಿತು. ಪರೀಕ್ಷಕರು ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ಸಣಕಲು ಮನುಷ್ಯ. ಮುಸುಕು ಕಟ್ಟಿ ಅರ್ಧ ದಾರಿ ಹೋದ ಮೇಲೆ, ಏನೂ ಮಾತಾಡದೆ, ಸಮ ತೋರಿಸುವ ಮುಖ್ಯ ಉಪಕರಣಕ್ಕೆ ಒಂದು ರಬ್ಬರಿನ ಮುಚ್ಚಳ ಅಂಟಿಸಿಬಿಟ್ಟರು. ಅದು ಕೆಟ್ಟಿದೆ ಎಂದುಕೊಂಡು ಉಳಿದವುಗಳಲ್ಲೇ ಬದುಕಬೇಕು. ಬದುಕಿದೆ. ತಿರುವಿನ ಮುಳ್ಳು, ಎತ್ತರ, ವೇಗ, ಮತ್ತೆ ತಿರುವಿನ ಮುಳ್ಳು. ಬೆನ್ನು ಏನೇನೋ ಹೇಳಿತು, ಹೇಳಿಕೊಳ್ಳಲಿ ಎಂದು ಬಿಟ್ಟೆ. ಮುಸುಕು ತೆಗೆದಾಗ ರನ್‌ವೇ ಮೂಗಿನ ನೇರಕ್ಕೆ ಹಾಸಿತ್ತು. ಇಳಿದ ಮೇಲೆ ಅರ್ಜಿಯಲ್ಲಿ ನಿಮ್ಮ ಹೆಸರು ನೋಡಿ, "ಓಹೋ, ಅವರ ಮಗಳಾ! ಹಾಗಾದ್ರೆ ರಕ್ತದಲ್ಲೇ ಬಂದಿದೆ ಬಿಡಿ" ಎಂದರು. "ರಕ್ತ ಪರೀಕ್ಷೆ ಮಾಡೋದೇ ನನ್ನ ಕಸುಬು ಸಾರ್. ಅದರಲ್ಲಿ ಇದು ಸಿಗಲ್ಲ" ಎಂದೆ. ಪಾಸು ಮಾಡಿದರು.

ಆದ್ದರಿಂದ ಈಗ ನನ್ನ ಮಾತು ಕೇಳಿ. ಪುಟ್ಟಿಯನ್ನು ಮೇಲೆ ಕರೆದುಕೊಂಡು ಹೋಗಿ, ಬೇಡವೆನ್ನುವುದಿಲ್ಲ. ಆದರೆ ಕಣ್ಣು ಮುಚ್ಚಿಸಿ ಪ್ರಶ್ನೆ ಕೇಳಿದಿರೋ, ಮುಂದಿನ ವಾರ ನಾನು ನಿಮ್ಮ ಶಾಲೆಗೆ ಬರುತ್ತೇನೆ. ನಿಮ್ಮ ವಿದ್ಯಾರ್ಥಿಗಳ ಎದುರು ಆ ಕುರ್ಚಿಯ ಪಕ್ಕ ನಿಂತು, ಅವರ ಗುರುಗಳು ಈ ಪಾಠವನ್ನು ಮನೆಯಲ್ಲಿ ಯಾರ ಮೇಲೆ, ಯಾತಕ್ಕೆ ಪ್ರಯೋಗಿಸಿದರು ಎಂದು ಹೇಳುತ್ತೇನೆ. ಇದು ತಿಳಿದರೆ ಅಮ್ಮ, ಅಪ್ಪನಿಗೆ ಎದುರಾಡಬೇಡ, ಹೋಗಲಿ ಬಿಡು ಎನ್ನುತ್ತಾಳೆ. ಹನ್ನೆರಡು ವರ್ಷ ಹೋಗಲಿ ಬಿಟ್ಟದ್ದಾಯಿತು. ಕ್ಷಮಿಸಿದ್ದೇನೆ ಎಂದು ಬರೆಯಲು ನಾನು ಕೂತಿಲ್ಲ. ನನ್ನ ವಯಸ್ಸು ತಿಂದಿದ್ದೀರಿ, ಅವಳ ವಯಸ್ಸಿಗೆ ಕೈ ಹಾಕಬೇಡಿ.

ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಅಮ್ಮನಿಗೆ ನನ್ನ ನಮಸ್ಕಾರ, ಪುಟ್ಟಿಗೆ ಮುತ್ತು, ಚಿಕ್ಕಪ್ಪನಿಗೆ ಏನೂ ಇಲ್ಲ.

ಇತಿ ನಿಮ್ಮ ಮಗಳು,
ಎಡವಟ್ಟಮ್ಮ

ತಾ.ಕ.: ಈ ಕಾಗದವನ್ನು ಶನಿವಾರವೇ ನಿಮಗೆ ಸಿಗುವ ಹಾಗೆ ತುರ್ತು ಅಂಚೆಗೆ ಹಾಕಬೇಕೆಂದಿದ್ದೆ. ಲಕೋಟೆ ಅಂಟಿಸುವ ಮೊದಲು ಪುಟ್ಟಿಗೆ ಫೋನು ಮಾಡಿ, ಯಾವುದಕ್ಕೂ ಇರಲಿ, ಭಾನುವಾರ ಹೊಟ್ಟೆನೋವೆಂದು ಮಲಗಿಬಿಡು ಎಂದೆ. ಯಾಕೆ ಎಂದು ಕೇಳಿದಳು, ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು "ಅಕ್ಕಾ, ತುರ್ತು ಅಂಚೆ ಬೇಡ. ನಾನು ಹೋಗ್ತೀನಿ" ಎಂದಳು. ರಜೆಯಲ್ಲಿ ಅವಳು ನನ್ನ ಹತ್ತಿರ ಇದ್ದಾಗ, ನಿಮಗೆ ಹೇಳಿದ್ದ ಹಾಗೆ ಚಿತ್ರಕಲೆಯ ಕ್ಲಾಸಿಗೆ ಹೋಗಲಿಲ್ಲ ಅಪ್ಪಾ, ಮುಸುಕಜ್ಜಿಯ ಪಕ್ಕ ಕೂತಿದ್ದಳು. ವಿಮಾನವನ್ನು ಸಮನಾಗಿ ಹಿಡಿಯಲು ಅವಳಿಗೆ ಬರುತ್ತದೆ. ನಿಧಾನವಾಗಿ, ಬಹಳ ನಿಧಾನವಾಗಿ ವಾಲಿಸುವುದು ಅವಳಿಗೆ ನನಗಿಂತ ಬೇಗ ಒಲಿಯಿತು. ಹಾಗಾಗಿ ಇದನ್ನು ಸಾದಾ ಅಂಚೆಗೆ ಹಾಕುತ್ತಿದ್ದೇನೆ, ಮಂಗಳವಾರ ನಿಮ್ಮ ಕೈಸೇರುತ್ತದೆ. ಅಷ್ಟು ಹೊತ್ತಿಗೆ ಭಾನುವಾರ ಮುಗಿದಿರುತ್ತದೆ. ನೀವು ಕಣ್ಮುಚ್ಚು ಎಂದಾಗ ಅವಳು, ಹಿಂದೆ ಕೂತ ಚಿಕ್ಕಪ್ಪನಿಗೂ ಕೇಳಿಸುವ ಹಾಗೆ, "ಮೊದಲು ನೀವು ಮುಚ್ಚಿ ಅಪ್ಪಾ, ನಾನು ಹಿಡ್ಕೊಂಡಿರ್ತೀನಿ" ಎಂದಿರುತ್ತಾಳೆ. ಮುಚ್ಚಿದಿರಾ? ಯಾವ ಕಡೆ ಅಂದಿರಿ?