ಡೆಮೊದಲ್ಲಿರುವ ನಿಮ್ಮ ದನಿ

ಕುಟ್ಟ, ಭಾನುವಾರ

ಎಸ್ಟೇಟ್ ಮ್ಯಾನೇಜರ್ ಜಯಪ್ರಕಾಶ್ ಸಾರ್ ಅವರಿಗೆ,

ನಮ್ಮ ಮೆಟಲ್ ಬ್ಯಾಂಡಿನ ಮೊದಲ ಡೆಮೊ ರೆಕಾರ್ಡಿಂಗಿನಿಂದ ನಿಮ್ಮ ದನಿ ತೆಗೆಯಬೇಕು, ಇಲ್ಲದಿದ್ದರೆ ನನ್ನ ಅವ್ವನಿಗೆ ಕೆಲಸವಿಲ್ಲ ಎಂದು ಹಾಜರಿ ಬರೆಯುವ ರೈಟರ್ ಕೈಲಿ ಹೇಳಿಕಳಿಸಿದ್ದೀರಿ. ತೆಗೆಯುವುದಿಲ್ಲ.

ನಮಗೆ ಸ್ಟುಡಿಯೋ ಇಲ್ಲ. ಡ್ರಮ್ಮು, ಗಿಟಾರು, ನನ್ನ ಅರಚಾಟ ಎಲ್ಲವನ್ನೂ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಅಕ್ಕಿ ಡಬ್ಬದ ಮೇಲಿಟ್ಟ ಒಂದೇ ಫೋನಿನಲ್ಲಿ ಒಟ್ಟಿಗೆ ಹಿಡಿದದ್ದು. ಎರಡನೇ ಹಾಡಿನ ನಡುವೆ ನೀವು ಬಾಗಿಲು ಒದ್ದು, ಅವ್ವನಿಗೆ "ಏ ಮುತ್ತಿ, ಇದೇನ್ ನಿಮ್ಮಪ್ಪನ ಮನೆಯಾ? ನಿಲ್ಸೇ ಇದನ್ನ!" ಎಂದು ಕೂಗಿದಿರಿ. ಅದೂ ಸೇರಿತು. ಕೇಳಿದವರೆಲ್ಲ, "ಆ ಗಂಡು ದನಿ ಯಾರದ್ದು? ಭಯಂಕರ ಉಂಟು" ಅನ್ನುತ್ತಿದ್ದಾರೆ. ಎರಡು ವರ್ಷ ಗಂಟಲು ಹರಿದುಕೊಂಡರೂ ನನಗೆ ಅಷ್ಟು ಬಂದಿಲ್ಲ.

ಉಳಿಸಿಕೊಂಡದ್ದು ಅದಕ್ಕಲ್ಲ. ನಿಮ್ಮ ಕೂಗಿನ ಮೇಲೇ ಅವ್ವನ ದನಿ ಬಿದ್ದಿದೆ: "ಇವತ್ತು ರಜೆ ಸಾರ್. ಮಕ್ಕ ಬಾರಿಸ್ಲಿ." ಇಪ್ಪತ್ತೆರಡು ವರ್ಷ ನಿಮ್ಮ ತೋಟದಲ್ಲಿ ದುಡಿದವಳು ನಿಮಗೆ ಎದುರಾಡಿದ ಮೊದಲ ಮಾತು ಅದು. ನಿಮ್ಮದನ್ನು ಕತ್ತರಿಸಿದರೆ ಅವಳದೂ ಹೋಗುತ್ತದೆ.

ಅವ್ವ ನಾಳೆ ಎಂಟಕ್ಕೆ ಕಾಫಿ ಪಿಕ್ಕಿಂಗ್‌ಗೆ ಬರುತ್ತಾಳೆ. ಹಾಜರಿಯಲ್ಲಿ ಅವಳ ಹೆಸರು ಕೂಗಿಸಿ. ಕೂಗದಿದ್ದರೆ ಯಾಕೆಂದು ಅವಳೇ ಕೇಳುತ್ತಾಳೆ. ರೆಕಾರ್ಡ್ ಒತ್ತಿದ ಫೋನ್ ನನ್ನ ಕೈಯಲ್ಲಿರುತ್ತದೆ.

ಇಂತಿ,
ಲಿಖಿತಾ, ಮುತ್ತಿಯ ಮಗಳು