ಹದಿನಾಲ್ಕು ಸೆಕೆಂಡು

ಜನವರಿ 6, ಬೆಳಿಗ್ಗೆ 8.50, ಬಸ್ಸಿನಲ್ಲಿ

ಬಸ್ರೂರಿನಿಂದ ಕುಂದಾಪುರ ತಲುಪುವಷ್ಟರಲ್ಲಿ ಅರ್ಧ ಪಾಡ್‌ಕಾಸ್ಟ್ ಮುಗಿಯುತ್ತದೆ. ಇವತ್ತು ಇಬ್ಬರು ಇಂಗ್ಲಿಷರು ಕಳೆದುಹೋದ ಒಂದು ಛತ್ರಿಯ ಬಗ್ಗೆಯೇ ಮಾತಾಡಿದರು. ನಗು ತಡೆಯಲಾಗದೆ ಕರ್ಚೀಫು ಬಾಯಿಗೊತ್ತಿಕೊಂಡೆ. ಕಂಡಕ್ಟರ್, "ವಾಂತಿ ಬತ್ತಾ? ಕಿಟಕಿ ಬದಿ ಕೂಕಣಿ" ಎಂದು ಸೀಟು ಕೊಡಿಸಿದ. ಅಲ್ಲ ಎನ್ನಲು ನಾಚಿಕೆ. ಹಾಗೆಯೇ ಕೂತೆ.

ಜನವರಿ 9, ಸಂಜೆ

ಲ್ಯಾಪ್‌ಟಾಪಿನಲ್ಲಿ ಬ್ರಿಟಿಷ್ ಪತ್ತೇದಾರಿ ಧಾರಾವಾಹಿ. ಅಪ್ಪನ ತಂಗಿ ತುಂಗಾ ಅತ್ತೆ ಪಕ್ಕದಲ್ಲಿ ಅಬ್ಬಲಿಗೆ ಹೂ ಕಟ್ಟುತ್ತಾ... ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬೇಕಾಗಿಯೂ ಇಲ್ಲ.

"ಮನಿಯಂಗೆ ಹೆಣ ಬಿದ್ದಿತ್ತ್. ಇವ್ರ್ ಚಾ ಮಾಡುಕೆ ನೀರಿಡ್ತಾ ಇದ್ರ್. ಹೆಣಕ್ಕೂ ಒಂದ್ ಲೋಟ ಇತ್ತಾ ಕೇಣ್."

"ಚಾ ಪೊಲೀಸ್ರಿಗ್ ಅತ್ತೆ."

"ಪೊಲೀಸ್ರ್ ಚಾ ಕುಡುಕೇ ಬಂದದ್ದ್. ಕೊಂದವ ಆ ಉದ್ದ ಕೋಟಿನವ. ಕಾಣ್, ನಾಯಿ ಅವ್ನ್ ಹತ್ರ ಹೋತಿಲ್ಲೆ."

ಕೊನೆಗೆ ನೋಡಿದರೆ ಕೊಂದವನು ಅವನೇ.

ನೆಂಟರ ಮನೆಗಳಲ್ಲಿ ಅತ್ತೆ ಮೂರು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಮಾವ ಮುಂಬೈಯ ಹೋಟೆಲ್ ಕೆಲಸಕ್ಕೆ ಹೋದವರು ತಿರುಗಿ ಬರಲಿಲ್ಲ. ಅಂದಿನಿಂದ ಅತ್ತೆ ನಮ್ಮಲ್ಲೇ. ಆ ವಿಷಯ ಯಾರೂ ಎತ್ತುವುದಿಲ್ಲ, ಅತ್ತೆಯೂ. ನಾನೂ ಮಾತು ಕಡಿಮೆಯವಳೇ. ಇಬ್ಬರಿಗೂ ಬಾಯಿ ಬರುವುದು ಈ ಪರದೆಯ ಮುಂದೆ.

ಜನವರಿ 23

ಅತ್ತೆಯ ಈ ಮಾತುಗಳನ್ನು ಅವರಿಗೆ ತಿಳಿಯದ ಹಾಗೆ ಫೋನಿನಲ್ಲಿ ರೆಕಾರ್ಡ್ ಮಾಡಿ ಬ್ರಹ್ಮಾವರದ ದೀಕ್ಷಾಳಿಗೆ ಕಳಿಸಿದೆ. ಕಾಲೇಜಿನಿಂದ ನನಗಿರುವ ಒಬ್ಬಳೇ ಗೆಳತಿ.

"ಇದನ್ನ್ ಪಾಡ್‌ಕಾಸ್ಟ್ ಮಾಡ್ವ ಮಾರಾಯ್ತಿ. ಎಡಿಟಿಂಗ್ ನಾ ಮಾಡ್ತೆ."

ಆಗಲಿ, ಯಾರ ಹೆಸರೂ ಬೇಡ ಎಂದೆ. ಅತ್ತೆಯನ್ನು ಕೇಳಲಿಲ್ಲ. ಕೇಳಿದರೆ ಆಮೇಲೆ ಹೀಗೆ ಮಾತಾಡಲಿಕ್ಕಿಲ್ಲ ಅನ್ನಿಸಿತು.

ಫೆಬ್ರವರಿ 10

ಧಾರಾವಾಹಿಯ ಇವತ್ತಿನ ಕಂತಿನಲ್ಲಿ ಒಬ್ಬ ರೈಲು ಹತ್ತಿ ಹೆಂಡತಿಗೆ ಟೋಪಿ ಎತ್ತಿ ತೋರಿಸಿದ. ಅತ್ತೆ ಹೂವಿನಿಂದ ತಲೆ ಎತ್ತಲಿಲ್ಲ.

"ಇವ್ನೂ ಬತ್ತೆ ಅಂದೇಳಿ ಹೋತ. ನಮ್ಮನಿಯವ್ರೂ ಬತ್ತೆ ಅಂದ್ರ್. ಬೊಂಬಾಯಂಗೆ ಬಸ್ ಸಿಕ್ಲಿಲ್ಲೆ ಕಾಂತ್. ಹದಿನೇಳ್ ವರ್ಷ ಆಯ್ತ್, ಸ್ಟ್ಯಾಂಡಂಗೇ ನಿಂತಿದ್ರ್."

ನಾನು ನಕ್ಕೆ. ಅತ್ತೆಯೂ ನಕ್ಕರು. ಮಾವನ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು.

ರೆಕಾರ್ಡಿಂಗ್ ಕೇಳಿ ದೀಕ್ಷಾ ಫೋನ್ ಮಾಡಿದಳು — "ಆ ಬಸ್ಸಿಂದ್ ಇರ್ಲಾ, ತೆಗೀಲಾ?"

ಒಟ್ಟು ಹದಿನಾಲ್ಕು ಸೆಕೆಂಡಿನ ಮಾತು. ಟೈಮಿಂಗ್ ಅಷ್ಟು ಚೆನ್ನಾಗಿತ್ತು.

"ಇರ್ಲಿ."

ಫೆಬ್ರವರಿ 17

ಆ ತುಂಡು ವಾಟ್ಸಾಪಿನಲ್ಲಿ ಬೈಂದೂರಿನವರೆಗೂ ಹೋಗಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಹುಡುಗಿಯರು ಅದನ್ನೇ ಹೇಳಿ ನಗುತ್ತಿದ್ದರು. ಇಯರ್‌ಫೋನ್ ತೆಗೆದು ಕೇಳಿದೆ. ಹೆಮ್ಮೆಯಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳು.

ಫೆಬ್ರವರಿ 23

ತೆಕ್ಕಟ್ಟೆಯಲ್ಲಿ ದೊಡ್ಡಪ್ಪನ ಹೊಸ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ದೊಡ್ಡಪ್ಪನ ಮಗ ಅನೀಶ್ ಪಾಯಸ ಬಡಿಸುತ್ತಾ ಬಂದ.

"ಹ್ವಾಯ್ ತುಂಗತ್ತೆ, ಮಾವಂಗೆ ಬಸ್ ಸಿಕ್ತಾ?"

ಪಂಕ್ತಿಯಿಡೀ ನಕ್ಕಿತು. ಅತ್ತೆಗೆ ತಿಳಿಯಲಿಲ್ಲ. ಅವನು ಸೌಟು ಕೆಳಗಿಟ್ಟು, ಫೋನ್ ತೆಗೆದು ಕೇಳಿಸಿದ. ಅತ್ತೆ ತಮ್ಮ ಧ್ವನಿಯನ್ನು ಕೊನೆಯವರೆಗೂ ಕೇಳಿದರು. ಅದರ ಹಿಂದಿದ್ದ ನನ್ನ ನಗುವನ್ನೂ.

ನನ್ನ ಕಡೆ ನೋಡಲಿಲ್ಲ. ಪಾಯಸ ಮುಗಿಸಿ, ಎಲೆ ಮಡಚಿ ಎದ್ದರು.

ಫೆಬ್ರವರಿ 24

ಎಲ್ಲ ಕಂತುಗಳನ್ನೂ ಅಳಿಸಿದೆವು. ಜನರ ಫೋನುಗಳಲ್ಲಿ ಇರುವುದನ್ನು ಏನು ಮಾಡುವುದು?

ಬಾವಿಕಟ್ಟೆಯ ಹತ್ತಿರ ಹೋಗಿ, "ತಪ್ಪಾಯ್ತ್ ಅತ್ತೆ" ಎಂದೆ.

ಅತ್ತೆ ಕೊಡ ತುಂಬಿಸಿದರು.

"ಚಾ ವಿಷ್ಯ ಇಡೀ ಊರ್ ಕೇಂಡ್ರೂ ನಂಗೆ ಎಂತ ಇಲ್ಲೆ ಹೆಣ್ಣೆ. ಬಸ್ಸಿಂದೊಂದ್ ನಿನ್ ಹತ್ರ ಮಾತ್ರ ಹೇಳಿದ್ದ್."

ಕೊಡ ನಾನು ಎತ್ತಿಕೊಳ್ಳಲು ಹೋದೆ. ಕೊಡಲಿಲ್ಲ.

ಮಾರ್ಚ್ 19, ಸಂಜೆ 6.30

ಇಷ್ಟು ದಿನ ಲ್ಯಾಪ್‌ಟಾಪ್ ತೆರೆದಿರಲಿಲ್ಲ. ಇವತ್ತು ತೆರೆದು, ಅತ್ತೆಯನ್ನು ಕರೆದೆ. ಬಂದರು. ಫೋನನ್ನು ಅವರ ಕಣ್ಣೆದುರೇ ಅಮ್ಮನ ಕೋಣೆಯಲ್ಲಿಟ್ಟು ಬಂದೆ. ನೋಡಿದರು.

ಪರದೆಯ ಮೇಲೆ ದಪ್ಪ ಪಾದ್ರಿಯೊಬ್ಬ ಕೇಕಿನ ಮೇಲೆಯೇ ಕೂತುಬಿಟ್ಟ. ಅತ್ತೆಯ ತುಟಿ ಅಲುಗಿತು.

"ಇವ್ನ್..."

ಕಾದೆ. ಎರಡೂ ಕೈ ಮಡಿಲ ಮೇಲೆ, ಅವರಿಗೆ ಕಾಣುವ ಹಾಗೆ ಇಟ್ಟುಕೊಂಡೆ.

"ಎಂತ ಅತ್ತೆ?"

"ಎಂತ ಇಲ್ಲೆ. ನೀ ಕಾಣ್."

ಇನ್ನೂ ಇಪ್ಪತ್ತು ನಿಮಿಷ ಇತ್ತು. ನಗುವ ಕಡೆಯೆಲ್ಲ ನಾನೊಬ್ಬಳೇ ನಕ್ಕೆ, ಸ್ವಲ್ಪ ಜೋರಾಗಿಯೇ. ಅತ್ತೆ ಕೊನೆಯವರೆಗೂ ಕೂತಿದ್ದರು. ನಾಳೆಯೂ ಕರೆಯುತ್ತೇನೆ. ಬಂದರೆ —