ಮೂರು ಸಲ ಬಾಗಿಲು ಬಡಿ

ಡಿಸೆಂಬರ್ ೯, ಭಾನುವಾರ

ಪ್ರೀತಿಯ ನಿಮಗೆ,

ನಾನು ಕ್ಷೇಮ. ನೀವೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈದುಕೊಳ್ಳಬೇಡಿ. ನನ್ನನ್ನು ಆಮೆ ಎಂದು ಕರೆದವರು ನೀವೇ ತಾನೇ? ಪರೀಕ್ಷೆಯ ಪೇಪರುಗಳು ರಾಶಿ ಬಿದ್ದಿದ್ದವು ಎನ್ನುವುದು ನೆಪ. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಬರೆಯಲು ಕೈ ಬರಲಿಲ್ಲ.

ಬಂದರಿನಲ್ಲಿ ಕ್ವಾರ್ಟರ್ಸ್ ಸಿಕ್ಕಿದೆ, ಅಡುಗೆಮನೆ ಕಿಟಕಿಯಿಂದ ನಿಮ್ಮ ಕ್ರೇನು ಕಾಣುತ್ತದೆ, ಈ ಬಾಡಿಗೆ ಮನೆ ಖಾಲಿ ಮಾಡಿ ಬಂದುಬಿಡ್ತೀಯಾ ಎಂದು ಕೇಳಿದ್ದೀರಿ. ಅದರ ಬೆನ್ನಿಗೇ, ಇಷ್ಟು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನೀನು, ಹಿಂದಿನ ಕಾಲಕ್ಕೆ ಹೋಗೋದಕ್ಕೆ ಆಗುತ್ತೋ ಇಲ್ಲವೋ ಒಂದೇ ಮಾತಲ್ಲಿ ಹೇಳು ಎಂದೂ ಕೇಳಿದ್ದೀರಿ. ನಾನು ಯಾವತ್ತು ಏನನ್ನು ಒಂದೇ ಮಾತಲ್ಲಿ ಹೇಳಿದ್ದೇನೆ?

ಕಾಲ ಸುತ್ತಿ ಬಂದು ತನ್ನನ್ನೇ ಸೇರುವ ದಾರಿಯನ್ನು ಸಮೀಕರಣಗಳು ಪೂರ್ತಿ ಅಲ್ಲಗಳೆಯುವುದಿಲ್ಲ. ಅಂಥದ್ದನ್ನು ಯಾರೂ ಕಂಡಿಲ್ಲ. ಪ್ರಕೃತಿ ಅದಕ್ಕೆ ಅವಕಾಶವನ್ನೇ ಕೊಡದು ಎನ್ನುವವರು ಬಹಳ ಜನ. ದಾರಿ ಇದ್ದರೂ ಹೋದವರು ಏನನ್ನೂ ಬದಲಿಸಲಾರರು. ನಾನು ಹಿಂದೆ ಹೋಗಿ, ನಮ್ಮ ಚೂಟಿ ಆ ದಿನ ಶಾಲೆಯ ವ್ಯಾನು ಹತ್ತದಂತೆ ತಡೆದೆ ಅನ್ನಿ. ಮಗಳು ಉಳಿದುಕೊಂಡರೆ ನಾನು ಹಿಂದೆ ಹೋಗುವುದಕ್ಕೆ ಕಾರಣವೇ ಇರುವುದಿಲ್ಲ. ನಾನು ಹೋಗದಿದ್ದರೆ ಅವಳನ್ನು ತಡೆದವರು ಯಾರು? ಹಾಗಾಗಿ, ಆಗಿಹೋದದ್ದಕ್ಕೆ ಹೊಂದಿಕೊಂಡು ನಡೆಯುವುದಾದರೆ ಮಾತ್ರ ಅಲ್ಲಿ ಜಾಗ. ನೋಡಬಹುದು, ಕೇಳಬಹುದು, ಬರಿಗೈಯಲ್ಲಿ ವಾಪಸು ಬರಬಹುದು. ಅದೂ ಹಾಗೆ ಕರೆದೊಯ್ಯುವ ಯಂತ್ರ ಹುಟ್ಟಿದ ದಿನಕ್ಕಿಂತ ಹಿಂದಕ್ಕೆ ಹೋಗಲಾಗದು ಎನ್ನುತ್ತಾರೆ.

ಅವಳು ಇದ್ದಾಗ ಒಂದು ಮಧ್ಯಾಹ್ನ ಈ ಪಾಠವನ್ನೇ ಚೂಟಿಗೆ ಹೇಳಿದ್ದೆ. ಕೊನೆಯ ಮಾತು ಅವಳ ಕಿವಿಗೇ ಬೀಳಲಿಲ್ಲ. "ನೀನು ಅಜ್ಜಿ ಆದ್ಮೇಲೆ ಆ ಯಂತ್ರ ಬಂದ್ರೆ, ಇವತ್ತು ನಾಲ್ಕು ಗಂಟೆಗೆ ಇಲ್ಲಿಗೇ ಬಾ. ಮೂರು ಸಲ ಬಾಗಿಲು ಬಡಿ. ನಾನು ಕಾಯ್ತಿರ್ತೀನಿ" ಎಂದು ಕೈಮೇಲೆ ಕೈ ಹಾಕಿಸಿಕೊಂಡಳು. ನೀವೂ ಕೆಲಸದಿಂದ ಬಂದು ಬೂಟು ಬಿಚ್ಚದೆ ನಮ್ಮ ಜೊತೆ ಚಾಪೆ ಮೇಲೆ ಕೂತಿರಿ. ನಾಲ್ಕಾಯಿತು, ಯಾರೂ ಬರಲಿಲ್ಲ. "ಅಮ್ಮ ಫೇಲು" ಎಂದು ಅವಳು ಘೋಷಿಸಿದಳು. ನೀವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿರಿ. ಆ ನಗುವನ್ನು ಇನ್ನೊಮ್ಮೆ ಕೇಳಬೇಕೆಂದು ಜೀವ ಎಷ್ಟು ಹಂಬಲಿಸುತ್ತದೆ ಗೊತ್ತೇ?

ಕ್ವಾರ್ಟರ್ಸ್ ಕೈತಪ್ಪಲು ಬಿಡಬೇಡಿ, ಬರುತ್ತೇನೆ. ಮನೆ ಬಿಡಲು ಸ್ವಲ್ಪ ಸಮಯ ಕೊಡಿ. ಕ್ರೇನು ಹತ್ತುವಾಗ ಹುಷಾರು, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನೀವು ತಣ್ಣಗಿರಿ, ನನಗೆ ಅಷ್ಟೇ ಬೇಕು.

ನಿಮ್ಮ
ಆಮೆ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. ನೀವಿಬ್ಬರೂ ನಗುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಮೂರು ಸಲ. ಬಾಗಿಲ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ತೆಗೆದು ನೋಡಿದರೆ ಯಾರೂ ಇಲ್ಲ. ಕೆಳಗಡೆ ಮೆಟ್ಟಿಲಲ್ಲಿ ಯಾರೋ ಕಂಬಿ ಹಿಡಿದು ನಿಧಾನವಾಗಿ ಇಳಿಯುತ್ತಿದ್ದ ಸದ್ದು. ಮಹಡಿ ಮನೆಯ ಅಜ್ಜಿ ಇರಬೇಕೆಂದು ಬಾಗಿಲು ಹಾಕಿಕೊಂಡೆ. ಈಗಲೂ ಬುದ್ಧಿ ಅದು ಅಜ್ಜಿಯೇ ಎನ್ನುತ್ತದೆ, ನಾನು ಕಲಿಸುವ ಪಾಠವೂ ಅದನ್ನೇ ಹೇಳುತ್ತದೆ. ಆದರೂ ದಿನಾ ನಾಲ್ಕು ಗಂಟೆಗೆ ಆ ಬಾಗಿಲ ಹತ್ತಿರ ಹೋಗಿ ಕೂರುತ್ತೇನೆ, ಅದಕ್ಕೇ ಈ ಮನೆ ಬಿಡಲು ಕಾಲೇಳುತ್ತಿಲ್ಲ. ಬಂದವಳು ಮುಂದೊಂದು ದಿನ ಅಜ್ಜಿಯಾದ ನಾನೇ ಆಗಿದ್ದರೆ, ಎಂದಿನಂತೆ ತಡವಾಗಿಯೇ ಬಂದಿದ್ದೇನೆ. ಬಾಗಿಲು ತೆಗೆಯುವವರೆಗೆ ನಿಂತಿದ್ದರೆ ಮಗಳನ್ನು ಬಿಟ್ಟು ಹೋಗಲಾಗುತ್ತಿರಲಿಲ್ಲ, ಅವಳ ನಗು ಕೇಳಿಕೊಂಡು ಇಳಿದು ಹೋಗಿದ್ದೇನೆ.